ದಿನಕ್ಕೆ ಎಷ್ಟು ಸಾರಿ ‘ಸಾರಿ’?

ತಂಗೀ, ನಿನ್ನ ಮೆಸೇಜ್ ಓದಿ ನಗು ಬಂತು, ಪಾಪ ಅಂತಲೂ ಅನ್ನಿಸಿತು. ದಾವಣಗೆರೆ ಬಿಟ್ಟು ಕೆನಡಾದ ಕಿಚನರ್‌ಗೆ ಬಂದು ಇನ್ನೂ ಸಾಮಾನು ಜೋಡಿಸಿ ಮುಗಿದಿಲ್ಲ, ಆಗಲೇ ‘ಇಲ್ಲಿ ಎಲ್ಲರೂ ಎಲ್ಲದಕ್ಕೂ ಸಾರಿ ಅಂತಾರಲ್ಲ ಅಕ್ಕಾ, ಯಾವುದು ನಿಜ, ಯಾವುದು ಸುಮ್ನೆ?’ ಅಂತ ಕೇಳಿದ್ದೀಯ. ನಿಮ್ಮಜ್ಜ ತೀರಿಕೊಂಡ ಸುದ್ದಿ ಕೇಳಿ ಆಫೀಸಿನವಳು ‘ಐ ಆಮ್ ಸೋ ಸಾರಿ’ ಅಂದಾಗ ‘ಪರವಾಗಿಲ್ಲ, ನಿಮ್ಮ ತಪ್ಪೇನಿಲ್ಲ’ ಅಂದುಬಿಟ್ಟೆಯಂತೆ. ಅದರ ಚಿಂತೆ ಬಿಡು. ಹೊಸಬರು ಹೀಗೆ ಹೇಳುವುದು ಇಲ್ಲಿನವರಿಗೆ ಹೊಸದಲ್ಲ.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರೋದು’ ಅನ್ನುತ್ತೇವೆ. ಆದರೆ ಅಲ್ಲಿ ಮಾತು ಎಲ್ಲಿರುತ್ತದೆ? ಕೈ ಹಿಡಿದು ಪಕ್ಕದಲ್ಲಿ ಕೂತರೆ ಆಯಿತು. ಇಲ್ಲಿ ಹಾಗೆ ಬಂದು ಕೂರುವ ರೂಢಿ ಕಡಿಮೆ, ಹಾಗಾಗಿ ಬಾಯಿಬಿಟ್ಟು ಹೇಳಲೇಬೇಕು. ಆಫೀಸಿನವಳ ಆ ‘ಸಾರಿ’ಗೆ ನಿನ್ನ ನೋವು ನನಗೂ ತಟ್ಟಿತು ಅಂತ ಅರ್ಥ. ‘ಥ್ಯಾಂಕ್ ಯೂ’ ಅಂದರೆ ಸಾಕು. ಹಳೇ ಇಂಗ್ಲಿಷಿನಲ್ಲಿ ಈ ಪದ ಬಂದದ್ದೇ ನೋವು ಅನ್ನುವ ಅರ್ಥದ ‘ಸೋರ್’ ಕಡೆಯಿಂದ. ಕೆನಡಾದ ಬಹಳ ಜನರ ಬಾಯಲ್ಲಿ ಅದು ‘ಸೋರಿ’ ಅಂತಲೇ ಕೇಳಿಸುತ್ತದೆ. ಮೊದಮೊದಲು ನನಗೆ ಎಲ್ಲೋ ನಲ್ಲಿ ಸೋರುತ್ತಿದೆಯೇನೋ ಅನ್ನಿಸುತ್ತಿತ್ತು!

ದಿನಾ ಕಿವಿಗೆ ಬೀಳುವುದು ಇನ್ನೊಂದು ಬಗೆಯದು. ಕಿಚನರ್ ಊರೊಳಗೆ ಓಡುವ ಅಯಾನ್ ರೈಲಿನ ಬಾಗಿಲ ಹತ್ತಿರ ನಿಂತಿರುತ್ತೀಯ. ಹಿಂದಿನಿಂದ ಯಾರೋ ಮೆಲ್ಲಗೆ ‘ಸಾರಿ’ ಅನ್ನುತ್ತಾರೆ. ‘ಸ್ವಲ್ಪ ಜರುಗಮ್ಮಾ’ ಅಂದಿದ್ದು ಅದು. ನೀನು ಜರುಗುವಾಗ ನಿನ್ನ ಬ್ಯಾಗು ಮತ್ತೊಬ್ಬರ ಭುಜಕ್ಕೆ ಬಡಿಯುತ್ತದೆ. ತಗಲಿದ್ದು ನಿನ್ನ ಬ್ಯಾಗು, ಸಾರಿ ಅನ್ನುವವರು ಅವರು! ನೀನೂ ತಿರುಗಿ ಅನ್ನು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ತೆರೆದ ಕೂಡಲೇ ನಮ್ಮೂರಿನ ಹಾರ್ನ್‌ಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಪದ ಮಾಡುತ್ತದೆ, ಅಷ್ಟೇ.

ಕೇಳಿಸದಿದ್ದಾಗ ನಾವು ‘ಆಂ?’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದನ್ನೇ ‘ವಾಟ್?’ ಅಂದರೆ ಒರಟಾಗುತ್ತದೆ. ‘ಸಾರಿ?’ ಅಂತ ಕೊನೆ ಎತ್ತಿ ಕೇಳು.

ಆಫೀಸಿನಲ್ಲಿ ಸ್ವಲ್ಪ ಹುಷಾರಾಗಿರಬೇಕು. ಮೀಟಿಂಗಿನಲ್ಲಿ ಯಾರಾದರೂ ‘ಸಾರಿ, ಬಟ್’ ಅಂತ ಶುರು ಮಾಡಿದರೆ, ನೀನು ಹೇಳಿದ್ದು ಅವರಿಗೆ ಒಪ್ಪಿಗೆಯಿಲ್ಲ ಅಂತ ತಿಳಿ. ‘ಸಾರಿ, ಕುಡ್ ಯು ಸೆಂಡ್ ಇಟ್ ಅಗೇನ್?’ ಅಂದರೆ ಅದು ಬೇಡಿಕೊಂಡದ್ದಲ್ಲ, ಕೆಲಸ ಹೇಳಿದ್ದು. ತಪ್ಪು ನಿಜವಾಗಿಯೂ ನಿನ್ನದೇ ಆಗಿದ್ದರೆ ಒಂದೇ ಸಲ ಹೇಳು, ಯಾವಾಗ ಸರಿಮಾಡಿ ಕೊಡುತ್ತೀಯ ಅನ್ನುವುದನ್ನೂ ಹೇಳು. ನಮ್ಮ ಹುಡುಗರು ಅಲ್ಲೇ ಎಡವುತ್ತಾರೆ. ಸಾರಿ ಅನ್ನುವ ಬದಲು ಯಾಕಾಯಿತು, ಹೇಗಾಯಿತು ಅಂತ ಪುರಾಣ ಬಿಚ್ಚುತ್ತಾರೆ. ಕೇಳುವವರಿಗೆ ಅದು ನೆಪವಾಗಿಯೇ ಕಾಣುತ್ತದೆ. ಹಾಗಂತ ಮಾತು ಮಾತಿಗೂ ಬೇಡ. ಪ್ರಶ್ನೆ ಕೇಳುವುದಕ್ಕೂ ಸಾರಿ ಯಾಕೆ?

ಇಷ್ಟು ಸಲೀಸಾಗಿ ಉದುರುವ ಪದ, ಕೆಲವು ಕಡೆ ಬಹಳ ತಡವಾಗಿ ಬಂದಿದೆ. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ವಸತಿ ಶಾಲೆಗೆ ಹಾಕಿದ್ದಕ್ಕೆ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ‘ವಿ ಆರ್ ಸಾರಿ’ ಅಂದದ್ದು 2008ರ ಜೂನ್ 11ರಂದು. ಮೂಲನಿವಾಸಿಗಳ ಭಾಷೆಗಳಲ್ಲೂ ಅದನ್ನೇ ಹೇಳಿದರು. ಕೊಮಗಾಟ ಮಾರು ಹಡಗಿನ ಕಥೆಯಂತೂ ನಮ್ಮ ದೇಶದವರದೇ. 1914ರಲ್ಲಿ 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂದಿತ್ತು, ಹೆಚ್ಚಿನವರು ಪಂಜಾಬಿನ ಸಿಖ್ಖರು. ಬಹುತೇಕ ಎಲ್ಲರನ್ನೂ ಇಳಿಯಲು ಬಿಡದೆ ವಾಪಸ್ ಅಟ್ಟಿದರು. ಅದಕ್ಕೆ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ರೈಲಿನಲ್ಲಿ ಭುಜ ತಗಲಿದರೆ ಅರೆಗಳಿಗೆಯಲ್ಲಿ ಬರುವ ಮಾತಿಗೆ ನೂರು ವರ್ಷ ದಾಟಿತು ನೋಡು.

ಕಾರು ತಗೊಂಡ ಮೇಲೆ ಬೇಕಾಗುವ ವಿಷಯ ಒಂದಿದೆ. ಹಿಮ ಬಿದ್ದ ರಸ್ತೆಯಲ್ಲಿ ಜಾರಿ ಯಾರದೋ ಗಾಡಿಗೆ ತಾಗಿಸಿದೆ ಅಂತಿಟ್ಟುಕೋ. ನಮ್ಮೂರಲ್ಲಿ ಮೊದಲು ಸಾರಿ ಅಂದವನ ತಲೆಗೇ ತಪ್ಪು ಕಟ್ಟುತ್ತಾರೆ, ಅದಕ್ಕೇ ಇಬ್ಬರೂ ಜೋರು ಮಾಡುವುದು, ಅಲ್ವಾ? ಕಿಚನರ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2009ರ ಅಪಾಲಜಿ ಆ್ಯಕ್ಟ್ ಅಂತ ಕಾನೂನೇ ಇದೆ. ನೀನು ಕ್ಷಮೆ ಕೇಳಿದ್ದನ್ನು ತಪ್ಪೊಪ್ಪಿಗೆ ಅಂತ ಸಿವಿಲ್ ಕೇಸಿನಲ್ಲಿ ಮುಂದಿಡುವ ಹಾಗಿಲ್ಲ. ಅದರಿಂದ ವಿಮೆಯೂ ಕೈತಪ್ಪುವುದಿಲ್ಲ. ಆದರೆ ಕ್ರಿಮಿನಲ್ ಕೇಸಿಗಾಗಲಿ, ಪೊಲೀಸರು ಹಾಕುವ ಟ್ರಾಫಿಕ್ ಕೇಸಿಗಾಗಲಿ ಈ ರಕ್ಷಣೆ ಇಲ್ಲ. ಆದ್ದರಿಂದ ‘ಸಾರಿ, ಆರ್ ಯು ಓಕೆ?’ ಅಂತ ಧೈರ್ಯವಾಗಿ ಕೇಳು. ಯಾರ ತಪ್ಪು ಎಷ್ಟು ಅನ್ನುವ ಪಂಚಾಯ್ತಿ ಮಾತ್ರ ರಸ್ತೆಯಲ್ಲಿ ಬೇಡ. ಫೋಟೊ ತೆಗಿ, ಹೆಸರು, ಫೋನ್ ನಂಬರ್, ವಿಮೆ ವಿವರ ಬರೆದುಕೊಂಡು ಬಾ. ಉಳಿದದ್ದನ್ನು ವಿಮೆಯವರ ಹತ್ತಿರ ಮಾತಾಡಿದರಾಯಿತು.