ಅಟಾರಿ ಕಂಪನಿಯ 'ಇ.ಟಿ.' ವಿಡಿಯೊ ಗೇಮ್ 1982ರಲ್ಲಿ ಅಷ್ಟು ಕೆಟ್ಟದಾಗಿ ಸೋತಿದ್ದು ಯಾಕೆ?

ಸಮಯ ಸಾಲಲಿಲ್ಲ, ಅಷ್ಟೇ. ಇ.ಟಿ. ಎಂಬ ಅನ್ಯಗ್ರಹ ಜೀವಿಯ ಕಥೆ ಹೇಳುವ, ನಿರ್ದೇಶಕ ಸ್ಪೀಲ್‌ಬರ್ಗ್ ಅವರ ಅದೇ ಹೆಸರಿನ ಸಿನಿಮಾ 1982ರ ಜೂನ್‌ನಲ್ಲಿ ಬಂದು ಭರ್ಜರಿಯಾಗಿ ಓಡಿತು. ಅದರ ಗೇಮ್ ಮಾಡುವ ಹಕ್ಕು ಅಟಾರಿ ಕೈಗೆ ಬಂದಿದ್ದು ಜುಲೈ ಕೊನೆಗೆ. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಇರಲೇಬೇಕು ಅಂದರೆ ಸೆಪ್ಟೆಂಬರ್ ಹೊತ್ತಿಗೆ ಗೇಮ್ ಮುಗಿಯಬೇಕಿತ್ತು. ಹಾಗಾಗಿ ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಸುಮಾರು ಐದು ವಾರ. ಆಗ ಒಂದು ಗೇಮ್‌ಗೆ ಆರೇಳು ತಿಂಗಳು ಹಿಡಿಯುತ್ತಿತ್ತು.

ಐದು ವಾರದಲ್ಲಿ ಗೇಮ್ ಬರೆಯಬಹುದು. ಆಡಿಸಿ ನೋಡಿ ತಿದ್ದುವುದಕ್ಕೆ ಆಗುವುದಿಲ್ಲ. ಅದರಲ್ಲಿ ನೆಲದ ಮೇಲಿರುವ ಗುಂಡಿಗಳನ್ನೇ (ಹಳ್ಳಗಳನ್ನೇ) ತಗೊಳ್ಳಿ. ಫೋನಿನ ಬಿಡಿಭಾಗ ಹುಡುಕುತ್ತಾ ಇ.ಟಿ. ಗುಂಡಿಗೆ ಇಳಿಯಬೇಕು. ಆದರೆ ನೆಲವನ್ನು ಮೇಲಿಂದ ನೋಡಿದ ಹಾಗೆ ಬಿಡಿಸಿದ್ದಾರೆ, ಇ.ಟಿ.ಯನ್ನು ಪಕ್ಕದಿಂದ. ಕಾಲು ಗಟ್ಟಿ ನೆಲದ ಮೇಲೇ ಇರುತ್ತದೆ. ತಲೆಯ ಒಂದು ಚುಕ್ಕೆ ಗುಂಡಿಯ ಚಿತ್ರಕ್ಕೆ ತಾಗಿದರೂ ಸಾಕು, ದುಡುಮ್ಮನೆ ಒಳಗೆ! ಕತ್ತು ಚಾಚಿ ಮೆಲ್ಲಗೆ ಮೇಲೆ ಬಂದರೆ, ಅಂಚಿಗೆ ತಾಗಿ ಮತ್ತೆ ಬೀಳುತ್ತಾನೆ. ನಾಲ್ಕು ಮಕ್ಕಳ ಕೈಗೆ ಒಂದು ವಾರ ಕೊಟ್ಟಿದ್ದರೂ ಇದು ಗೊತ್ತಾಗುತ್ತಿತ್ತು, ಅಲ್ವಾ?

ಎಲ್ಲರೂ ಬೈಯುವಷ್ಟು ಕಳಪೆ ಗೇಮ್ ಅಲ್ಲ ಅದು, ನನ್ನ ಪ್ರಕಾರ. ಐಡಿಯಾ ಚೆನ್ನಾಗೇ ಇತ್ತು. ಆದರೆ ಅಟಾರಿ ಸುಮಾರು 40 ಲಕ್ಷ ಕಾರ್ಟ್ರಿಜ್ (ಗೇಮ್ ತುಂಬಿದ ಪುಟ್ಟ ಡಬ್ಬಿ) ಮಾಡಿಸಿಟ್ಟಿತ್ತು. ಜಾಸ್ತಿ ಪಾಲು ಹಾಗೇ ಉಳಿಯಿತು. 1983ರಲ್ಲಿ ಒಂದಿಷ್ಟನ್ನು ಬೇರೆ ಸರಕಿನ ಜೊತೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲಮಗಾರ್ಡೊ ಊರಿನ ಕಸದ ಗುಂಡಿಗೆ ಹಾಕಿ ಮುಚ್ಚಿದರು. ಇದು ಸುಮ್ನೆ ಕಟ್ಟುಕಥೆ ಅಂತ ಹಲವರು ಅಂದುಕೊಂಡಿದ್ದರು. 2014ರಲ್ಲಿ ಅಗೆದಾಗ ಕಾರ್ಟ್ರಿಜ್‌ಗಳು ನಿಜಕ್ಕೂ ಸಿಕ್ಕವು.