ಪೆಟ್ರೋಲ್ ಟ್ರಕ್ಕಿಗೆ ಡೀಸೆಲ್ ಎಂಜಿನ್

ಪ್ರಶ್ನೆ: ನನ್ನ ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕಿನ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಬೇಕೆಂದಿದ್ದೇನೆ. ಯಾವ ಅಂಶಗಳನ್ನು ಗಮನಿಸಬೇಕು?

ಉತ್ತರ: ಎಂಜಿನ್ ಕೊಳ್ಳುವ ಮೊದಲೇ ಅದರ ಆಯಿಲ್ ಸಂಪ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಮುಂದಿನ ಆಕ್ಸಲಿಗೆ ತಗಲುವುದೇ ಎಂದು ಅಳೆದು ನೋಡಿ. ಗಾಡಿ ನಿಂತಾಗ ಜಾಗ ಧಾರಾಳವಾಗಿ ಕಂಡರೂ, ಹಳ್ಳಕ್ಕಿಳಿದು ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಆಕ್ಸಲಿನ ಉಬ್ಬಿದ ಗೇರ್ ಭಾಗವಾದ ಡಿಫರೆನ್ಷಿಯಲ್ ಮೇಲೆದ್ದು ಸಂಪನ್ನು ಒಡೆಯಬಹುದು. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಹೆಚ್ಚು ಭಾರವಾದ್ದರಿಂದ ಮುಂದಿನ ಸ್ಪ್ರಿಂಗುಗಳನ್ನೂ ಬಲಪಡಿಸಬೇಕಾದೀತು. ಗೇರ್‌ಬಾಕ್ಸನ್ನು ಹೊಸ ಎಂಜಿನ್ನಿಗೆ ಜೋಡಿಸಲು ನಡುವೆ ಅಡಾಪ್ಟರ್ ಪ್ಲೇಟ್ ಬೇಕಾಗಬಹುದು. ಹಳೆಯ ಡೀಸೆಲ್‌ಗಳು ಕಡಿಮೆ ವೇಗದಲ್ಲೇ ಒಳ್ಳೆಯ ಎಳೆತ ಕೊಡುತ್ತವಾದರೂ ಹೆಚ್ಚು ಸುತ್ತು ತಿರುಗಲಾರವು; ಆಕ್ಸಲಿನ ಗೇರ್ ಅನುಪಾತ ಬದಲಿಸದಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ದಣಿಯುತ್ತದೆ.

ಟ್ಯಾಂಕನ್ನು ಪೂರ್ಣ ತೊಳೆದು, ಇಂಜೆಕ್ಟರಿನಿಂದ (ಎಂಜಿನ್ನಿಗೆ ಇಂಧನ ಚಿಮ್ಮಿಸುವ ಭಾಗ) ಮರಳುವ ಡೀಸೆಲ್‌ಗೆ ರಿಟರ್ನ್ ಪೈಪ್ ಹಾಕಿಸಿ. ಉಳಿದ ಪೆಟ್ರೋಲ್ ಡೀಸೆಲ್ಲಿನ ಜಾರುಗುಣವನ್ನು ಕುಗ್ಗಿಸಿ ಇಂಜೆಕ್ಷನ್ ಪಂಪನ್ನು ಸವೆಸುತ್ತದೆ.

ನನ್ನ ಮಟ್ಟಿಗೆ ಅತಿ ಮುಖ್ಯವಾದುದು ಬ್ರೇಕ್. ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬೂಸ್ಟರಿಗೆ ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಿಂದ (ಗಾಳಿ ಒಳಸೇರುವ ಕೊಳವೆ) ನಿರ್ವಾತ (ವ್ಯಾಕ್ಯೂಮ್) ಸಿಗುತ್ತದೆ. ಒಳಬರುವ ಗಾಳಿಯನ್ನು ತಡೆಯುವ ಥ್ರಾಟಲ್ ಕವಾಟ ಇಲ್ಲದ ಡೀಸೆಲ್‌ನಲ್ಲಿ ಅದು ಸಿಗದು. ವ್ಯಾಕ್ಯೂಮ್ ಪಂಪ್ ಅಳವಡಿಸಿ, ಪರೀಕ್ಷಿಸುವ ತನಕ ದಯವಿಟ್ಟು ಗಾಡಿಯನ್ನು ರಸ್ತೆಗಿಳಿಸಬೇಡಿ.