ಹ್ಯಾಲೋವೀನ್‌ಗೆ ಯಾವ ಊರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾಟಗಾತಿಯರ ಊರೆಂದೇ ಹೆಸರಾದ ಅಮೆರಿಕದ ಸೇಲಂನಲ್ಲಿ ಹ್ಯಾಲೋವೀನ್ ಹಬ್ಬದ ರಾತ್ರಿ, ಅಂದರೆ ಅಕ್ಟೋಬರ್ 31ರ ರಾತ್ರಿ, ಕಳೆಯಬೇಕೆಂದಿದ್ದೇವೆ. ಬಾಸ್ಟನ್‌ನಲ್ಲಿ ಉಳಿದುಕೊಂಡು ಕಾರಿನಲ್ಲಿ ಹೋಗಿಬರಬಹುದೇ?

ಉತ್ತರ: ಬಾಸ್ಟನ್‌ನಲ್ಲಿ ಉಳಿಯುವುದು ಸರಿ, ಕಾರು ಮಾತ್ರ ಬೇಡ. ಸೇಲಂ ನಲವತ್ತು ಸಾವಿರ ಚಿಲ್ಲರೆ ಜನರ ಊರು. 2022ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಅಲ್ಲಿಗೆ ಬಂದವರು ಹತ್ತು ಲಕ್ಷ ದಾಟಿದ್ದರು. ವಾರಾಂತ್ಯದಲ್ಲಿ ಬೆಳಗ್ಗೆಯೇ ಪಾರ್ಕಿಂಗ್ ಜಾಗಗಳು ತುಂಬುತ್ತವೆ. ಆಮೇಲೆ ಬಂದವರು ಜಾಗ ಹುಡುಕುತ್ತಾ ಸುತ್ತುವುದೇ ಪ್ರವಾಸವಾಗುತ್ತದೆ. ಬಾಸ್ಟನ್‌ನ ನಾರ್ತ್ ಸ್ಟೇಷನ್‌ನಲ್ಲಿ ನ್ಯೂಬರಿಪೋರ್ಟ್–ರಾಕ್‌ಪೋರ್ಟ್ ಮಾರ್ಗದ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆ. ಇಳಿದ ಮೇಲೆ ಎಲ್ಲವೂ ನಡಿಗೆಯ ದೂರ. ಎಡವಟ್ಟಾಗುವುದು ವಾಪಸ್ ಬರುವಾಗ. ರಾತ್ರಿಯ ಸಡಗರ ಮುಗಿದ ಕೂಡಲೇ ಎಲ್ಲರೂ ಸ್ಟೇಷನ್ನಿಗೇ ನುಗ್ಗುತ್ತಾರೆ. ಕೊನೆಯ ರೈಲನ್ನು ನೆಚ್ಚಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. 2026ರಲ್ಲಿ 31 ಶನಿವಾರ ಬರುತ್ತದೆ. ಅಂದೇ ನಡುರಾತ್ರಿ ಕಳೆದು 2 ಗಂಟೆಗೆ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಮರುದಿನ ಬೆಳಗಿನ ವಿಮಾನವಿದ್ದರೆ ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ನಮ್ಮನ್ನು ಕೇಳಿದರೆ 31ನ್ನೇ ಬಿಟ್ಟುಬಿಡಿ. ಅಲ್ಲಿ ಅಕ್ಟೋಬರ್ ಇಡೀ ಹಬ್ಬವೇ. ತಿಂಗಳ ಮೊದಲ ವಾರದ ಮಂಗಳವಾರವೋ ಬುಧವಾರವೋ ಹೋದರೆ ವೇಷಗಳೂ ಕಾಣುತ್ತವೆ, ಮ್ಯೂಸಿಯಮ್ಮಿನ ಒಳಗೂ ಕಾಲಿಡಬಹುದು. ಒಂದು ಸಂಗತಿ ಮರೆಯಬೇಡಿ: 1692ರಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಅಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು, ಮತ್ತೊಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. 1992ರಲ್ಲಿ ಕಟ್ಟಿದ ಸ್ಮಾರಕದಲ್ಲಿರುವ ಕಲ್ಲಿನ ಹಾಸುಗಳ ಮೇಲೆ ಸತ್ತವರ ಹೆಸರಿದೆ. ಚೂಪು ಟೋಪಿ ಹಾಕಿಕೊಂಡು ಅವುಗಳ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವವರು ಪ್ರತಿವರ್ಷವೂ ಇರುತ್ತಾರೆ. ನೀವು ಆ ಸಾಲಿಗೆ ಸೇರಬೇಡಿ.

ಪ್ರಶ್ನೆ: ಮಕ್ಕಳಿಗೆ 6 ಮತ್ತು 11 ವರ್ಷ. ಅಮೆರಿಕದ ಓರ್ಲ್ಯಾಂಡೋದ ಥೀಮ್ ಪಾರ್ಕುಗಳಲ್ಲಿ ಡಿಸ್ನಿಯೋ, ಯೂನಿವರ್ಸಲ್ಲೋ?

ಉತ್ತರ: ಡಿಸ್ನಿ. ಯೂನಿವರ್ಸಲ್‌ನ ಹ್ಯಾಲೋವೀನ್ ಹಾರರ್ ನೈಟ್ಸ್ ನಿಜಕ್ಕೂ ಹೆದರಿಸಲೆಂದೇ ಇರುವುದು. 13ಕ್ಕಿಂತ ಚಿಕ್ಕವರಿಗೆ ಬೇಡವೆಂದು ಅವರೇ ಹೇಳುತ್ತಾರೆ. ಸಾಲದ್ದಕ್ಕೆ ಅಲ್ಲಿ ವೇಷ, ಮುಖವಾಡ ಎರಡೂ ನಿಷಿದ್ಧ. ರಾಕ್ಷಸನ ವೇಷದ ನೌಕರ ಯಾರು, ಗಿರಾಕಿ ಯಾರು ಎಂದು ತಿಳಿಯದೇ ಹೋದೀತಲ್ಲ!

ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆಯುವ ಹ್ಯಾಲೋವೀನ್ ಪಾರ್ಟಿ ಸಂಜೆ 7ರಿಂದ ನಡುರಾತ್ರಿವರೆಗೆ. ಅದಕ್ಕೆ ಬೇರೆಯದೇ ಟಿಕೆಟ್. ಆ ಟಿಕೆಟ್ಟಿದ್ದವರನ್ನು ಸಂಜೆ 4ರಿಂದಲೇ ಒಳಗೆ ಬಿಡುತ್ತಾರೆ, ಆದ್ದರಿಂದ ಅದೇ ದಿನ ಹಗಲಿನ ಟಿಕೆಟ್ಟಿಗೆ ದುಡ್ಡು ಸುರಿಯಬೇಡಿ. ಪಾರ್ಟಿಗಳು ಆಗಸ್ಟ್‌ನಲ್ಲೇ ಶುರುವಾಗುತ್ತವೆ; 31ರ ಹತ್ತಿರದ ರಾತ್ರಿಗಳೇ ದುಬಾರಿ. ದೊಡ್ಡವರೂ ವೇಷ ತೊಡಬಹುದು, ಆದರೆ 14 ತುಂಬಿದವರಿಗೆ ಮುಖವಾಡವಿಲ್ಲ, ಬಟ್ಟೆ ನೆಲಕ್ಕೆ ತಾಗುವಂತಿಲ್ಲ. ಫ್ಲಾರಿಡಾದಲ್ಲಿ ಆಗ ಇನ್ನೂ ಸೆಖೆ. ತುಪ್ಪಳದ ವೇಷ ತೊಡಿಸಿದರೆ ಮಗು ಎಂಟು ಗಂಟೆಗೇ ಅಳುತ್ತದೆ. ತೆಳು ಹತ್ತಿ ಬಟ್ಟೆ, ಮೇಲೊಂದು ಟೋಪಿ ಸಾಕು.

ಪ್ರಶ್ನೆ: ಟೋಕಿಯೋದ ಶಿಬುಯಾ ಬೀದಿಯ ಹ್ಯಾಲೋವೀನ್ ಗದ್ದಲ ನೋಡುವಂಥದ್ದೇ?

ಉತ್ತರ: ಅಲ್ಲಿನ ಆಡಳಿತವೇ 2023ರಿಂದ ಹ್ಯಾಲೋವೀನ್‌ಗೆ ಶಿಬುಯಾಕ್ಕೆ ಬರಬೇಡಿ ಎಂದು ಕೇಳಿಕೊಳ್ಳುತ್ತಿದೆ. 2024ರ ಅಕ್ಟೋಬರ್‌ನಿಂದ ಸಂಜೆ 6ರಿಂದ ಬೆಳಗಿನ 5ರವರೆಗೆ ಅಲ್ಲಿನ ಬೀದಿಯಲ್ಲಿ ಮದ್ಯ ಕುಡಿಯುವಂತೆಯೂ ಇಲ್ಲ. ಈ ಎಚ್ಚರಕ್ಕೆ ಕಾರಣವಿದೆ. 2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್‌ನ ಇಟೇವಾನ್‌ನಲ್ಲಿ ಇಳಿಜಾರಿನ ಇಕ್ಕಟ್ಟಾದ ಓಣಿಯಲ್ಲಿ ನೂಕುನುಗ್ಗಲಾಗಿ 159 ಮಂದಿ ಸತ್ತರು. ಅಲ್ಲಿ ಮೆರವಣಿಗೆ ಇರಲಿಲ್ಲ, ಸಂಘಟಕರೂ ಇರಲಿಲ್ಲ, ಜನರನ್ನು ಒಂದೇ ದಿಕ್ಕಿಗೆ ನಡೆಸುವವರೂ ಇರಲಿಲ್ಲ. ಜಾಗ ಆರಿಸುವಾಗ ನೀವು ಕೇಳಬೇಕಾದ ಪ್ರಶ್ನೆಗಳೂ ಇವೇ: ನಡೆಸುವವರು ಯಾರು, ದಾರಿ ಯಾವುದು, ಹೊರಹೋಗುವುದು ಎಲ್ಲಿಂದ?

ಗುಂಪಿನಲ್ಲಿ ನಾಲ್ಕೂ ಕಡೆಯಿಂದ ಮೈಗೆ ಮೈ ತಾಗಿ, ಕೈಯನ್ನು ಮುಖದವರೆಗೆ ಎತ್ತಲು ಕಷ್ಟವಾಯಿತೆಂದರೆ ಆಗಲೇ ತಡವಾಗಿದೆ. ಇಂಥ ಕಡೆ ಸಾವು ಬರುವುದು ತುಳಿತದಿಂದಲೇ ಅಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಮುಷ್ಟಿ ಕಟ್ಟಿ ತೋಳುಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ. ತಳ್ಳಿದವರನ್ನು ತಿರುಗಿ ತಳ್ಳಬೇಡಿ. ಅಲೆ ಒಂದು ಕ್ಷಣ ಸಡಿಲವಾದಾಗ ಓರೆಯಾಗಿ ಅಂಚಿಗೆ ಸರಿಯಿರಿ. ಫೋನ್ ಬಿದ್ದರೆ ಬಗ್ಗಬೇಡಿ.

ಬೀದಿಯ ಸಡಗರವೇ ಬೇಕೆಂದರೆ ನ್ಯೂಯಾರ್ಕ್‌ನ ವಿಲೇಜ್ ಹ್ಯಾಲೋವೀನ್ ಪರೇಡ್ ವಾಸಿ. 1970ರ ದಶಕದಲ್ಲಿ ರಾಲ್ಫ್ ಲೀ ಎಂಬ ಮುಖವಾಡ ಕಲಾವಿದ ಶುರು ಮಾಡಿದ್ದು. 31ರ ಸಂಜೆ 7ಕ್ಕೆ ಆರನೇ ಅವೆನ್ಯೂದಲ್ಲಿ ಉತ್ತರಕ್ಕೆ ಹೊರಡುತ್ತದೆ. ವೇಷ ತೊಟ್ಟ ಯಾರು ಬೇಕಾದರೂ ಮೆರವಣಿಗೆ ಸೇರಬಹುದು. ಬೇಲಿಯಾಚೆ ಮೂರು ಗಂಟೆ ಕಾಯುವುದಕ್ಕಿಂತ ವೇಷ ತೊಟ್ಟು ಒಳಗೆ ನಡೆಯುವುದೇ ಆರಾಮ.

ಪ್ರಶ್ನೆ: ಯುರೋಪಿನಲ್ಲಿ ಒಂದೇ ಜಾಗಕ್ಕೆ ಹೋಗಲು ಸಾಧ್ಯ. ರೊಮೇನಿಯಾದ ಬ್ರಾನ್ ಕೋಟೆಯೋ, ಉತ್ತರ ಐರ್ಲೆಂಡಿನ ಡೆರಿಯೋ?

ಉತ್ತರ: ಹ್ಯಾಲೋವೀನ್ ರಾತ್ರಿಗಾದರೆ ಡೆರಿ. ಐರ್ಲೆಂಡಿನ ಹಳೆಯ ಸೌವಿನ್ ಹಬ್ಬವೇ ಈ ಆಚರಣೆಯ ಬೇರು. ಡೆರಿಯಲ್ಲಿ 1980ರ ದಶಕದಿಂದ ಇಡೀ ಊರು ವೇಷ ತೊಡುತ್ತಿದೆ. 17ನೇ ಶತಮಾನದ ಕೋಟೆಗೋಡೆಯ ಮೇಲೆ ಒಂದು ಸುತ್ತು ಸುಮಾರು ಒಂದೂವರೆ ಕಿಲೋಮೀಟರ್. 31ರಂದು ಮೆರವಣಿಗೆ, ಕೊನೆಗೆ ಫಾಯ್ಲ್ ನದಿಯ ಮೇಲೆ ಸಿಡಿಮದ್ದು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕಿಡುವುದರಿಂದ ಸಂಜೆ 5ಕ್ಕೆಲ್ಲ ಕತ್ತಲು. ಮಳೆ ಬರುತ್ತದೆಂದೇ ತಿಳಿದು, ಒಳಗೆ ಜಾಕೆಟ್ ಹಿಡಿಸುವಂತೆ ಒಂದು ಅಳತೆ ದೊಡ್ಡ ವೇಷ ಒಯ್ಯಿರಿ.

ಇಲ್ಲಿ ಕೆಲವರು ಎಡವುವುದು ವೀಸಾದಲ್ಲಿ. ಡಬ್ಲಿನ್‌ನಲ್ಲಿ ಇಳಿದು ಬಸ್ಸಿನಲ್ಲಿ ಡೆರಿಗೆ ಹೋಗುವುದು ಸುಲಭ, ಗಡಿಯಲ್ಲಿ ಗೇಟೂ ಇಲ್ಲ. ಆದರೆ ಡಬ್ಲಿನ್ ಇರುವುದು ಐರ್ಲೆಂಡ್ ಎಂಬ ಬೇರೆ ದೇಶದಲ್ಲಿ, ಡೆರಿ ಬ್ರಿಟನ್ನಿಗೆ ಸೇರಿದ್ದು. ತಡೆಯುವವರಿಲ್ಲ ಎಂದಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಎರಡು ಕಡೆಯ ನಿಯಮವನ್ನೂ ಟಿಕೆಟ್ ಕೊಳ್ಳುವ ಮೊದಲೇ ನೋಡಿ.

ಡ್ರ್ಯಾಕುಲಾನ ಕೋಟೆ ಎಂದೇ ಹೆಸರಾದ ಬ್ರಾನ್ ಚೆಂದದ ಕೋಟೆ, ಸಂಶಯವಿಲ್ಲ. ಆದರೆ ಡ್ರ್ಯಾಕುಲಾ ಬರೆದ ಬ್ರಾಮ್ ಸ್ಟೋಕರ್ ರೊಮೇನಿಯಾಕ್ಕೆ ಹೋದವನೇ ಅಲ್ಲ. ಡ್ರ್ಯಾಕುಲಾ ಎಂಬ ಹೆಸರಿಗೆ ಮೂಲವಾದ ವ್ಲಾಡ್ ದೊರೆಯ ನಿಜವಾದ ಕೋಟೆ ಪೊಯೆನಾರಿ, ಅದಕ್ಕೆ 1,480 ಮೆಟ್ಟಿಲು. ಬ್ರಾನ್‌ಗೆ ಬ್ರಷೋವ್‌ನಿಂದ ಸುಮಾರು 30 ಕಿಲೋಮೀಟರ್, ಬಸ್ಸಿದೆ. ಸೋಮವಾರ ಮಧ್ಯಾಹ್ನ 12ರವರೆಗೆ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ: ಮೆಕ್ಸಿಕೋದ ಸತ್ತವರ ದಿನವೂ ಹ್ಯಾಲೋವೀನ್ ತಾನೇ?

ಉತ್ತರ: ಅಲ್ಲ. ಅದು ನವೆಂಬರ್ 1 ಮತ್ತು 2ರಂದು ಮನೆಯವರು ತೀರಿಕೊಂಡವರನ್ನು ಬರಮಾಡಿಕೊಳ್ಳುವ ಹಬ್ಬ. 1 ಮಕ್ಕಳಿಗೆ, 2 ದೊಡ್ಡವರಿಗೆ. ಮೆಕ್ಸಿಕೋ ನಗರದ ದೊಡ್ಡ ಮೆರವಣಿಗೆ ಮಾತ್ರ 2016ರಿಂದ ಈಚಿನದು. ಒಹಾಕಾದಲ್ಲೋ ಪಾಟ್ಸ್ಕ್ವಾರೋದಲ್ಲೋ ಸ್ಮಶಾನಕ್ಕೆ ಹೋಗುವುದಾದರೆ ಮುಖಕ್ಕೆ ತಲೆಬುರುಡೆಯ ಬಣ್ಣ ಬಳಿದುಕೊಂಡರೆ ಅಡ್ಡಿಯಿಲ್ಲ, ಭೂತದ ವೇಷ ಬೇಡ. ಎಡೆ ಇಟ್ಟದ್ದನ್ನು ಮುಟ್ಟಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಪಾಟ್ಸ್ಕ್ವಾರೋ ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಇರುಳಿನ ಚಳಿಗೆ ಸ್ವೆಟರ್ ಬೇಕೇ ಬೇಕು.

ಪ್ರಶ್ನೆ: ವೇಷದ ಸಾಮಾನು ಕೈಚೀಲದಲ್ಲಿ ಒಯ್ಯಬಹುದೇ?

ಉತ್ತರ: ಆಟಿಕೆಯ ಕತ್ತಿ, ನಿಜದಂತೆ ಕಾಣುವ ಪಿಸ್ತೂಲು ಕೈಚೀಲಕ್ಕೆ ಬೇಡ. ಪಿಸ್ತೂಲನ್ನಂತೂ ಮನೆಯಲ್ಲೇ ಬಿಡಿ. ನಕಲಿ ರಕ್ತವೂ ದ್ರವವೇ: ಬಾಟಲಿ 100 ಮಿಲಿಲೀಟರ್ ಮೀರಿದರೆ ಚೆಕ್-ಇನ್ ಸಾಮಾನಿಗೆ ಹಾಕಿ. ಮುಚ್ಚಳದ ಮೇಲೆ ಎರಡು ಸುತ್ತು ಟೇಪ್ ಸುತ್ತಿ, ಸೋರಿದರೆ ಬೇರೆ ಬಟ್ಟೆಗೆ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿಡಿ.